ಬಾಗಿಲಾಚೆಯ ದನಿ

2009ರ ಫೆಬ್ರವರಿಯಲ್ಲಿ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನ ಕಚೇರಿಗೆ ನಾನು ಕೆಲಸಕ್ಕೆ ಸೇರಿ ಏಳು ತಿಂಗಳಾಗಿದ್ದಾಗ, ಅಮೆರಿಕದಿಂದ ಬಂದ ಒಂದು ಫೋನ್ ಕರೆಯನ್ನು ತಪ್ಪಾಗಿ ಕೇಳಿಸಿಕೊಂಡೆ. ಸಂಜೆ ಏಳರ ಸಮಯ. ಮ್ಯಾನೇಜರ್ ಅಂಗಳದ ಕಡೆ ಹೋಗಿದ್ದರು, ಕಚೇರಿಯಲ್ಲಿ ನಾನೊಬ್ಬಳೇ ಇದ್ದೆ. ನಾವು ಕಳುಹಿಸಿದ್ದ ಅರೇಬಿಕಾ ಸ್ಯಾಂಪಲ್ಲಿನ ಬಗ್ಗೆ ಖರೀದಿದಾರರು ಎರಡು ನಿಮಿಷ ಮಾತಾಡಿ, ಕೊನೆಗೆ ಹೇಳಿದ್ದು ನನ್ನ ಕಿವಿಗೆ "ವಿ ಕ್ಯಾನ್ ಟೇಕ್ ಇಟ್ ವಿದೌಟ್ ಎ ಸೆಕೆಂಡ್ ಸ್ಯಾಂಪಲ್" ಎಂದು ಬಿತ್ತು. ಇನ್ನೊಂದು ಸ್ಯಾಂಪಲ್ ಬೇಕಾಗಿಲ್ಲ, ಈ ಲಾಟನ್ನೇ ತೆಗೆದುಕೊಳ್ಳುತ್ತೇವೆ ಎಂದು ನಾನು ಅರ್ಥ ಮಾಡಿಕೊಂಡೆ. ಮ್ಯಾನೇಜರ್ ಬಂದ ಕೂಡಲೇ ಸಂತೋಷದಿಂದ ಹಾಗೆಯೇ ಹೇಳಿದೆ. ಮರುದಿನ ಬೆಳಗ್ಗೆಯಿಂದಲೇ 60 ಕಿಲೋ ಗೋಣಿಚೀಲಗಳಿಗೆ ಕಾಫಿ ತುಂಬುವ ಕೆಲಸ ಶುರುವಾಯಿತು, ಚೀಲಗಳ ಮೇಲೆ ಗುರುತುಗಳನ್ನು ಬರೆದದ್ದೂ ಆಯಿತು.

ಮೂರನೆಯ ದಿನ ಇಮೇಲ್ ಬಂತು. ಅವರು ಹೇಳಿದ್ದು "ಕ್ಯಾನ್" ಅಲ್ಲ, "ಕ್ಯಾಂಟ್". ಎರಡನೆಯ ಸ್ಯಾಂಪಲ್ ನೋಡದೆ ಲಾಟನ್ನು ತೆಗೆದುಕೊಳ್ಳಲಾಗದು ಎಂಬುದು ಅವರ ಮಾತು. ತುಂಬಿದ ಚೀಲಗಳನ್ನು ಹಮಾಲಿಗಳು ರಾತ್ರಿ ಒಂಬತ್ತರವರೆಗೆ ಮತ್ತೆ ಗೋದಾಮಿಗೆ ಹೊತ್ತು ಜೋಡಿಸಿದರು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಅವರ ಬೆನ್ನಿನ ಮೇಲೆ ಒಂದೊಂದೇ ಚೀಲ ಏರುವುದನ್ನು ನೋಡುತ್ತಾ ನಿಂತಿದ್ದ ಆ ಹೊತ್ತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದೇ ಒಂದು ಟಕಾರ ನನ್ನ ಕಿವಿ ತಪ್ಪಿಸಿಕೊಂಡಿತ್ತು.

ನಾನು ಕಡೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ. ಮುಗಿಸಿ ಕೆಲಸಕ್ಕೆ ಬಂದವಳು. ಇಂಗ್ಲಿಷಿನಲ್ಲಿ ನನಗೆ ಒಳ್ಳೆಯ ಅಂಕಗಳೇ ಬರುತ್ತಿದ್ದವು. ಪತ್ರ ಓದಬಲ್ಲೆ, ತಪ್ಪಿಲ್ಲದೆ ಉತ್ತರ ಬರೆಯಬಲ್ಲೆ, ವ್ಯಾಕರಣದ ಪ್ರಶ್ನೆ ಬಂದರೆ ಇತರರಿಗೆ ಬಿಡಿಸಿ ಹೇಳಬಲ್ಲೆ. ಆದರೆ ಹದಿನೈದು ವರ್ಷ ನಾನು ಇಂಗ್ಲಿಷನ್ನು ಕಲಿತದ್ದು ಪೂರ್ತಿಯಾಗಿ ಕಣ್ಣಿನಿಂದ. ಪುಟದ ಮೇಲೆ ಪ್ರತಿ ಶಬ್ದದ ಎರಡೂ ಕಡೆ ಬಿಳಿಯ ಜಾಗವಿರುತ್ತದೆ, ಪ್ರತಿ ಅಕ್ಷರವೂ ಒಂದೇ ಗಾತ್ರದಲ್ಲಿರುತ್ತದೆ. ಮಾತೂ ಹಾಗೆಯೇ ಇರುತ್ತದೆಂದು ನಾನು ನಂಬಿದ್ದೆ. ನಮ್ಮ ಮೇಷ್ಟ್ರುಗಳು ಪಾಠವನ್ನು ಹಾಗೆಯೇ, ಶಬ್ದ ಶಬ್ದ ಬಿಡಿಸಿ ಓದುತ್ತಿದ್ದುದರಿಂದ ಆ ನಂಬಿಕೆಗೆ ಎಲ್ಲಿಯೂ ಪೆಟ್ಟು ಬಿದ್ದಿರಲಿಲ್ಲ.

ಆ ಟಕಾರ ಎಲ್ಲಿ ಹೋಯಿತು ಎಂಬುದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಕನ್ನಡದ ಶಬ್ದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ. ಹೊರಗಿನಿಂದ ಬಂದ ಶಬ್ದಕ್ಕೂ ನಾವು ಒಂದು ಉಕಾರ ಸೇರಿಸಿ ಬಸ್ಸು, ಪೆನ್ನು, ಕಾರು, ಬುಕ್ಕು ಎಂದು ನಮ್ಮದಾಗಿಸಿಕೊಳ್ಳುತ್ತೇವೆ. ಹೀಗಾಗಿ ನಮ್ಮ ಕಿವಿ ವ್ಯಂಜನವನ್ನು ಅದರ ಹಿಂದೆ ಬರುವ ಸ್ವರದ ಬೆಂಬಲದಲ್ಲೇ ಗುರುತಿಸಲು ಒಗ್ಗಿಕೊಂಡಿದೆ. ಇಂಗ್ಲಿಷಿನಲ್ಲಿ ಶಬ್ದದ ಕೊನೆಯ ಟಕಾರವನ್ನು, ಅದರಲ್ಲೂ ಮುಂದಿನ ಶಬ್ದ ಟಕಾರದಿಂದಲೇ ಆರಂಭವಾದರೆ, ಅನೇಕ ಸಲ ಬಿಡುಗಡೆ ಮಾಡುವುದೇ ಇಲ್ಲ: ನಾಲಿಗೆ ಮೇಲೆ ತಾಗಿ ಅಲ್ಲೇ ನಿಲ್ಲುತ್ತದೆ. "ಕ್ಯಾಂಟ್ ಟೇಕ್" ಎಂಬುದರಲ್ಲಿ ಎರಡು ಟಕಾರ ಕೇಳಿಸಬೇಕೆಂದು ಕಾದವಳಿಗೆ ಸಿಗುವುದು ಒಂದೇ. ಹಾಗಿದ್ದರೆ ಅಮೆರಿಕದವರು ಒಬ್ಬರ ಮಾತನ್ನು ಇನ್ನೊಬ್ಬರು ಹೇಗೆ ತಿಳಿಯುತ್ತಾರೆ? ಅವರು ಟಕಾರವನ್ನು ನೆಚ್ಚಿಕೊಂಡಿಲ್ಲ. "ಆಗುತ್ತದೆ" ಎನ್ನುವ ಕ್ಯಾನ್ ವಾಕ್ಯದ ನಡುವೆ ಸಾಮಾನ್ಯವಾಗಿ ಸೊರಗಿ, ಸ್ವರವೇ ಇಲ್ಲದಂತೆ "ಕ್ನ್" ಎಂದಷ್ಟೇ ಉಳಿಯುತ್ತದೆ. "ಆಗದು" ಎನ್ನುವ ಕ್ಯಾಂಟ್ ಮಾತ್ರ ತನ್ನ ಸ್ವರವನ್ನು ಪೂರ್ತಿಯಾಗಿ, ತೂಕ ಕೊಟ್ಟು ಉಳಿಸಿಕೊಳ್ಳುತ್ತದೆ. ಆ ಸಂಜೆ ನನ್ನ ಕಿವಿಗೆ ಅಷ್ಟು ಸ್ಪಷ್ಟವಾಗಿ "ಕ್ಯಾ" ಕೇಳಿಸಿದ್ದೇ ಅದು ನಿರಾಕರಣೆ ಎಂಬುದಕ್ಕೆ ಸಾಕ್ಷಿಯಾಗಿತ್ತು.

ಮೊದಲು ನಾನು ಹಿಡಿದದ್ದು ಎಲ್ಲರೂ ಹೇಳುವ ದಾರಿಯನ್ನೇ. ವಾಯ್ಸ್ ಆಫ್ ಅಮೆರಿಕ 1959ರಲ್ಲಿ ಆರಂಭಿಸಿದ ಸ್ಪೆಷಲ್ ಇಂಗ್ಲಿಷ್ ಎಂಬ ಪ್ರಸಾರವಿತ್ತು. ಸುಮಾರು 1,500 ಶಬ್ದಗಳ ಮಿತಿಯೊಳಗೆ, ನಿಧಾನವಾಗಿ, ಒಂದೊಂದು ಶಬ್ದವನ್ನೂ ಬಿಡಿಸಿ ಓದುತ್ತಿದ್ದರು. ಅದರಿಂದ ಧೈರ್ಯ ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನಿಧಾನದ ಇಂಗ್ಲಿಷಿನಲ್ಲಿ ಕಿವಿ ಕಲಿಯಬೇಕಾದ ಸಂಗತಿಯೇ ಇರುವುದಿಲ್ಲವೆಂದು ನನ್ನ ಅನುಭವ. ಶಬ್ದಗಳನ್ನು ಬೇರೆ ಬೇರೆ ಮಾಡಿ ಕೊಟ್ಟಮೇಲೆ ಅವು ಒಂದನ್ನೊಂದು ಹೇಗೆ ಹಾಯುತ್ತವೆ ಎಂಬುದು ಹೇಗೆ ತಿಳಿದೀತು? ಸಿನಿಮಾಗಳನ್ನು ಕೆಳಗೆ ಅಕ್ಷರ ಹಾಕಿಕೊಂಡು ನೋಡಿದೆ. ಅಲ್ಲಿಯೂ ಕಣ್ಣೇ ಕೆಲಸ ಮಾಡಿ ಕಿವಿಗೆ ರಜೆ ಕೊಟ್ಟಿತು.

ತಿರುವು ಸಿಕ್ಕಿದ್ದು ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರಿಂದ. ಎಂ.ಜಿ. ರಸ್ತೆಯ ಹಿಂದಿನ ಒಂದು ಬೀದಿಯಲ್ಲಿ ಅವರ ಮನೆ. ಆದಾಯ ತೆರಿಗೆಯ ಕಾಗದಪತ್ರ ಬರೆದುಕೊಡಲು ಭಾನುವಾರಗಳಲ್ಲಿ ಅವರಲ್ಲಿಗೆ ಹೋಗುತ್ತಿದ್ದೆ. ಫೋನಿನ ಸಂಗತಿಯನ್ನು ಅವರಿಗೆ ಹೇಳಿದಾಗ ಅವರು ಸಮಾಧಾನವನ್ನೂ ಹೇಳಲಿಲ್ಲ, ವ್ಯಾಕರಣವನ್ನೂ ಹೇಳಲಿಲ್ಲ. "ನಿಮ್ಮ ಮನೇಲಿ ಜೈಮಿನಿ ಓದ್ತಾರೆ ಅಂದಿದ್ದೆಯಲ್ಲಮ್ಮ, ಒಂದು ಪದ್ಯ ಹೇಳು ನೋಡೋಣ" ಎಂದರು. ನಾನು ಹೇಳಿದೆ. ಅವರು ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿದರು. ಬಳಿಕ ಅದೇ ಬೆರಳು, ಅದೇ ಮೇಜು. ಬಾಯಲ್ಲಿ ಮಾತ್ರ ವರ್ಡ್ಸ್‌ವರ್ತ್. "ಬಿ-ಹೋಲ್ಡ್ ಹರ್ ಸಿಂ-ಗಲ್ ಇನ್ ದ ಫೀಲ್ಡ್." ನಾಲ್ಕು ಸಲ ಬೆರಳು ಬಿತ್ತು: ಹೋಲ್ಡ್, ಸಿಂ, ಇನ್, ಫೀಲ್ಡ್. ಮೂರನೆಯದು ಬಹಳ ಹಗುರವಾಗಿ ಬಿತ್ತು. ತಾಳದ ಲೆಕ್ಕದಲ್ಲಿ ಅದಕ್ಕೆ ಜಾಗವಿದ್ದರೂ ದನಿ ಅಲ್ಲಿ ಊರುವುದಿಲ್ಲ ಎಂದು ತೋರಿಸಿದರು. "ಈಗ ನೀನು ಓದು" ಎಂದರು. ನಾನು ಓದಿದಾಗ ಎಂಟು ಉಚ್ಚಾರಗಳೂ ಎಂಟು ಇಟ್ಟಿಗೆಗಳಂತೆ ಒಂದೇ ತೂಕದಲ್ಲಿ ಸಾಲಾಗಿ ನಿಂತವು. ಅವರು ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ, "ನೋಡು, ಎಲ್ಲಿ ಹಾಕ್ಲಿ ಇದನ್ನ?" ಎಂದು ಕೇಳಿದರು.

ಆ ಪ್ರಶ್ನೆಯಿಂದ ನನಗೆ ಎಷ್ಟೋ ವಿಷಯಗಳು ಬಿಚ್ಚಿಕೊಂಡವು. ಕನ್ನಡದಲ್ಲಿ ಯಾವುದು ಗುರು, ಯಾವುದು ಲಘು ಎಂಬುದು ಬರಹದಲ್ಲೇ ಕಾಣುತ್ತದೆ: ದೀರ್ಘಸ್ವರ ಗುರು, ಅನುಸ್ವಾರ ವಿಸರ್ಗಗಳಿದ್ದರೆ ಗುರು, ಒತ್ತಕ್ಷರದ ಹಿಂದಿನದು ಗುರು. ನಿಯಮ ತಿಳಿದ ಮಗು ಕೂಡ ಪ್ರಸ್ತಾರ ಹಾಕಬಲ್ಲದು. ಇಂಗ್ಲಿಷಿನ ತೂಕ ಬೇರೆ ಜಾತಿಯದು. ಅದು ಕಾಲದ ಅಳತೆಯೊಂದರಿಂದಲೇ ಹುಟ್ಟುವುದಿಲ್ಲ. ಉಸಿರಿನ ಒತ್ತಡ, ದನಿಯ ಏರಿಳಿತ, ಸ್ವರದ ಸ್ಪಷ್ಟತೆ ಎಲ್ಲವೂ ಸೇರಿ ಅದಾಗುತ್ತದೆ, ಮತ್ತು ಬರಹದಲ್ಲಿ ಅದರ ಗುರುತು ಇರುವುದಿಲ್ಲ. ಫೋಟೋಗ್ರಾಫ್ ಎಂಬಲ್ಲಿ ತೂಕ ಮೊದಲನೆಯ ಉಚ್ಚಾರದ ಮೇಲೆ. ಫೋಟೋಗ್ರಫಿ ಎಂದ ಕೂಡಲೇ ಅದು ಎರಡನೆಯದಕ್ಕೆ ಜಾರಿ, "ಫ-ಟಾ-ಗ್ರ-ಫಿ" ಎಂದಾಗಿ, ಮೊದಲಿನ ಓಕಾರ ಸೊರಗುತ್ತದೆ. ತೂಕ ಬೀಳದ ಉಚ್ಚಾರಗಳ ಸ್ವರಗಳು ಹೆಚ್ಚಾಗಿ ಹೀಗೆಯೇ ಬಣ್ಣ ಕಳೆದುಕೊಂಡು, ಅಕಾರಕ್ಕೆ ಹತ್ತಿರವಾದ ಒಂದು ಮಂಕು ದನಿಯಾಗುತ್ತವೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಾರಿ ಕೇಳಿಬರುವ ಸ್ವರವೇ ಅದು, ಆದರೆ ಅದಕ್ಕೆಂದೇ ಒಂದು ಅಕ್ಷರವಿಲ್ಲ. ಕಣ್ಣಿನಿಂದ ಕಲಿತವರು ಅದನ್ನು ಭೇಟಿಯಾಗಿಯೇ ಇರುವುದಿಲ್ಲ.

ಇಂಗ್ಲಿಷಿನಲ್ಲಿ ಒತ್ತಿನಿಂದ ಒತ್ತಿಗೆ ಕಾಲ ಸಮನಾಗಿರುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತವೆ. ಯಂತ್ರದಿಂದ ಅಳೆದಾಗ ಅದು ಅಷ್ಟು ಕರಾರುವಾಕ್ಕಾಗಿ ಸಮ ಇರುವುದಿಲ್ಲ ಎಂದು ಧ್ವನಿವಿಜ್ಞಾನಿಗಳು ತೋರಿಸಿದ್ದಾರೆ. ಆದರೂ ಕೇಳುವವರಿಗೆ ಅದರಿಂದಾಗುವ ಉಪಕಾರ ದೊಡ್ಡದು: ಎರಡು ತೂಕಗಳ ನಡುವೆ ಸಣ್ಣ ಶಬ್ದಗಳನ್ನು ಒತ್ತರಿಸಿ ತುರುಕುತ್ತಾರೆಂದು ಗೊತ್ತಾದರೆ, ಅವು ಕೇಳಿಸದಿದ್ದಾಗ ಗಾಬರಿಯಾಗುವುದಿಲ್ಲ. ಪದ್ಯ ಇಲ್ಲಿ ಮಾಡುವ ಸಹಾಯವನ್ನು ಗದ್ಯವಾಗಲಿ, ವಾರ್ತೆಯಾಗಲಿ ಮಾಡಲಾರದು. ಮುಂದಿನ ತೂಕ ಎಲ್ಲಿ ಬೀಳುತ್ತದೆ ಎಂದು ಪದ್ಯ ಮೊದಲೇ ತಿಳಿಸಿಬಿಡುತ್ತದೆ. ಕಿವಿ ಆ ಜಾಗದಲ್ಲಿ ಹೋಗಿ ಕಾದಿರುತ್ತದೆ. ಎರಡು ಪದ್ಯಗಳಾಗುವ ಹೊತ್ತಿಗೆ ಕಾಯುವುದು ಅಭ್ಯಾಸವಾಗುತ್ತದೆ. ಆ ಅಭ್ಯಾಸ ಫೋನಿನ ಮಾತಿಗೂ ಬರುತ್ತದೆಂದು ನಾನು ಅನುಭವದಿಂದ ಹೇಳಬಲ್ಲೆ.

ಜೈಮಿನಿಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಹಳ್ಳಿ ದೇವನೂರಿಗೆ ದೂರವಿಲ್ಲ; ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶ ಅಲ್ಲಿಯವನು. ನಮ್ಮ ತಾತ ಶ್ರಾವಣದ ರಾತ್ರಿಗಳಲ್ಲಿ ಪಡಸಾಲೆಯಲ್ಲಿ ಕುಳಿತು ಅದನ್ನು ರಾಗವಾಗಿ ಓದುತ್ತಿದ್ದರು, ಊರಿನ ಇನ್ನೊಬ್ಬ ಹಿರಿಯರು ಅರ್ಥ ಹೇಳುತ್ತಿದ್ದರು. ಹೆಂಗಸರು ಮಕ್ಕಳೆಲ್ಲ ಒಳಬಾಗಿಲಿನ ಹಿಂದೆ. ವಾರ್ಧಕ ಷಟ್ಪದಿಯ ಸಾಲಿಗೆ ಐದೈದು ಮಾತ್ರೆಯ ನಾಲ್ಕು ಗಣ, ಮೂರನೆಯ ಮತ್ತು ಆರನೆಯ ಸಾಲಿಗೆ ಅಂಥ ಆರು ಗಣ ಮತ್ತು ಮೇಲೊಂದು ಗುರು ಎಂಬುದೆಲ್ಲ ನಾನು ಹೈಸ್ಕೂಲಿನಲ್ಲಿ ಕಲಿತದ್ದು. ಆದರೆ ಮೂರನೆಯ ಸಾಲು ಬರುತ್ತಿದ್ದಂತೆ ತಾತನ ದನಿ ಉದ್ದಕ್ಕೆ ಚಾಚಿ, ಕೊನೆಯ ಗುರುವಿನಲ್ಲಿ ಕೂತು ಉಸಿರು ತೆಗೆದುಕೊಳ್ಳುತ್ತದೆಂದು ನನಗೆ ಆರನೆಯ ವಯಸ್ಸಿನಲ್ಲೇ ಗೊತ್ತಿತ್ತು. ಶಬ್ದಗಳಲ್ಲಿ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಸೀತೆಯನ್ನು ಕಾಡಿಗೆ ಬಿಟ್ಟು ಬರುವ ಭಾಗ ಬಂದಾಗ ಅರ್ಥ ಹೇಳುವ ಮೊದಲೇ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು, ನನಗೂ ಗಂಟಲು ಕಟ್ಟುತ್ತಿತ್ತು. ಅರ್ಥವಾಗದ ಕನ್ನಡವನ್ನು ಗಂಟೆಗಟ್ಟಲೆ ಅಂಜಿಕೆಯಿಲ್ಲದೆ ಕೇಳಿದವಳು, ಇಂಗ್ಲಿಷಿನ ಒಂದು ಶಬ್ದ ತಪ್ಪಿದ ಕೂಡಲೇ ಇಡೀ ಮಾತನ್ನು ಕೈಬಿಡುತ್ತಿದ್ದೆನಲ್ಲ, ಅದಕ್ಕೆ ಕಾರಣ ಕಿವಿಯ ದೋಷವಲ್ಲ. ಪರೀಕ್ಷೆಯ ಭಯ.

ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ 1913ರಲ್ಲಿ ಬರೆದ ಒಂದು ಪತ್ರದಲ್ಲಿ ಇದೇ ಮಾತಿದೆ ಎಂದು ಮೇಷ್ಟ್ರು ತೋರಿಸಿದಾಗ ನನಗೆ ರೋಮಾಂಚನವಾಯಿತು. ಮುಚ್ಚಿದ ಬಾಗಿಲಿನಾಚೆ ಯಾರೋ ಮಾತಾಡುವಾಗ ಶಬ್ದಗಳು ತಡೆದುಹೋಗಿ ಬರಿಯ ದನಿಯಷ್ಟೇ ನಮಗೆ ಬರುತ್ತದಲ್ಲ, ಅರ್ಥದ ನಾದವನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಆತ ಗೆಳೆಯನಿಗೆ ಬರೆದಿದ್ದಾನೆ. ನಮ್ಮಲ್ಲಿ "ಹೌದಾ" ಎಂಬ ಒಂದೇ ಮಾತು ಆಶ್ಚರ್ಯವೂ ಆಗಬಹುದು, ಅನುಮಾನವೂ ಆಗಬಹುದು, ಮಾತು ಸಾಕು ಎಂಬ ಸೂಚನೆಯೂ ಆಗಬಹುದು; ಪಕ್ಕದ ಕೋಣೆಯಲ್ಲಿದ್ದವರಿಗೂ ಯಾವುದು ಯಾವುದೆಂದು ತಿಳಿಯುತ್ತದೆ. ನಾನು ಬಾಗಿಲಿನ ಹಿಂದೆಯೇ ಬೆಳೆದವಳು.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಕಡೂರಿನಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸಖರಾಯಪಟ್ಟಣದವರೆಗೆ ಒಂದು ಪದ್ಯವನ್ನು ಸುಮ್ಮನೆ ಕೇಳುವುದು, ಒಮ್ಮೆಯಲ್ಲ, ಎಂಟು ಹತ್ತು ಸಲ. ಅಚ್ಚಿನ ಪ್ರತಿ ನೋಡುವ ಹಾಗಿಲ್ಲ. ಅಲ್ಲಿಂದ ಮುಂದಕ್ಕೆ ಮೊಣಕಾಲಿನ ಮೇಲೆ ಬೆರಳಿನಿಂದ ತೂಕ ಹಾಕುತ್ತಾ ಕೇಳುವುದು. ರಾತ್ರಿ ಮನೆಯಲ್ಲಿ ಉಕ್ತಲೇಖನ: ಒಂದು ಸಾಲು ಕೇಳಿ, ನಿಲ್ಲಿಸಿ, ಕೇಳಿಸಿದ್ದನ್ನು ಕೇಳಿಸಿದಂತೆ, ಬೇಕಾದರೆ ಕನ್ನಡ ಲಿಪಿಯಲ್ಲೇ, ಬರೆಯುವುದು. ಪ್ರಾಥಮಿಕ ಶಾಲೆಯ ಆ ಹಳೆಯ ಅಭ್ಯಾಸಕ್ಕಿಂತ ಕಿವಿಗೆ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ, ಏಕೆಂದರೆ ಕೇಳಿಸಿತೆಂದು ನಾವು ಭಾವಿಸಿಕೊಂಡದ್ದು ಮತ್ತು ನಿಜವಾಗಿ ಕೇಳಿಸಿದ್ದು ಇವೆರಡರ ನಡುವಿನ ಅಂತರವನ್ನು ಅದು ಕಾಗದದ ಮೇಲೆ ಇಟ್ಟುಬಿಡುತ್ತದೆ.

ಫ್ರಾಸ್ಟನ ಪದ್ಯವೊಂದಿದೆ, 1923ರಲ್ಲಿ ಪ್ರಕಟವಾದದ್ದು. ಹಿಮ ಬೀಳುವ ಸಂಜೆ ಕಾಡಿನ ಪಕ್ಕದಲ್ಲಿ ಒಬ್ಬ ಸವಾರ ಕುದುರೆ ನಿಲ್ಲಿಸಿ ನಿಲ್ಲುತ್ತಾನೆ. ಅದರ ಒಂದು ಸಾಲನ್ನು ನನ್ನ ಪುಸ್ತಕದಲ್ಲಿ ನಾನು "ದಿ ಓನ್ಲಿ ಅದರ್ ಸೌಂಡ್ಸ್ ದ ಸ್ವೀಪ್" ಎಂದು ಬರೆದುಕೊಂಡಿದ್ದೆ. ಸೌಂಡ್ಸ್ ಎಂದರೆ ಬಹುವಚನ. ಹಾಗಾದರೆ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿ? ಮೂರು ರಾತ್ರಿ ಅದೇ ಸಾಲು. ಮೂರನೆಯ ರಾತ್ರಿ ಹೊಳೆಯಿತು: ಕೊನೆಯ ಸಕಾರ ಬಹುವಚನದ್ದಲ್ಲ, ಅದು "ಈಸ್" ಎಂಬ ಕ್ರಿಯಾಪದದ ಅಳಿದುಳಿದ ಚೂರು. ಕೇಳಿಬರುವ ಬೇರೆ ಸದ್ದೆಂದರೆ ಬೀಸುವಿಕೆ, ಎಂದಾಯಿತು. ಏನು ಬೀಸುವುದು? ಅದನ್ನು ಕವಿ ಮುಂದಿನ ಸಾಲಿಗೆ ದಾಟಿಸಿ, ಮೆಲುಗಾಳಿ ಮತ್ತು ತುಪ್ಪುಳದಂಥ ಹಿಮ ಎನ್ನುತ್ತಾನೆ. ಸಾಲಿನ ಕೊನೆಯಲ್ಲಿ ದನಿ ನಿಲ್ಲದೆ ಮುಂದಕ್ಕೆ ಹಾಯುವಾಗ ಗಾಳಿಯೇ ಹಾದಂತಾಗುತ್ತದೆ. ಆ ಸಾಲುಗಳಲ್ಲಿ ಮತ್ತೆ ಮತ್ತೆ ಬರುವ ಸಕಾರಗಳನ್ನು ನಾನು ಮೂರು ರಾತ್ರಿ ವ್ಯಾಕರಣಕ್ಕಾಗಿ ಹುಡುಕಿದ್ದೆ. ಅವು ಹಿಮದ ಸದ್ದೂ ಹೌದೆಂದು ಆಮೇಲೆ ಗೊತ್ತಾಯಿತು. ಕಾವ್ಯದ ರುಚಿ ನನಗೆ ಹತ್ತಿದ್ದು ಈ ದಾರಿಯಿಂದ. ಮೊದಲು ಭಾಷೆ ಕಲಿತು ಆಮೇಲೆ ಕಾವ್ಯಕ್ಕೆ ಹೋಗಬೇಕು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ಇಂಗ್ಲಿಷಿನಲ್ಲಿಯೂ ಸಂಧಿಗಳಿವೆ ಎಂಬುದು ಉಕ್ತಲೇಖನದಿಂದ ನನಗೆ ದೊರೆತ ಇನ್ನೊಂದು ಲಾಭ. "ಗೋ ಔಟ್" ಎಂಬುದು ಮಾತಿನಲ್ಲಿ "ಗೋವೌಟ್" ಆಗುತ್ತದೆ, "ಸೀ ಇಟ್" ಎಂಬುದು "ಸೀಯಿಟ್" ಆಗುತ್ತದೆ. ಗುರುವನ್ನು, ಮನೆಯನ್ನು ಎಂಬಲ್ಲಿ ನಾವು ಮಾಡುವ ವಕಾರಾಗಮ ಯಕಾರಾಗಮಗಳಲ್ಲದೆ ಇವು ಇನ್ನೇನು? "ನೆಕ್ಸ್ಟ್ ಡೇ" ಎಂಬಲ್ಲಿ ಟಕಾರ ಬಿದ್ದುಹೋಗಿ "ನೆಕ್ಸ್ ಡೇ" ಆಗುವುದು ಲೋಪ. "ಟೆನ್ ಬ್ಯಾಗ್ಸ್" ಎಂಬುದು ಬಾಯಲ್ಲಿ "ಟೆಮ್ ಬ್ಯಾಗ್ಸ್" ಆಗುವುದು ಆದೇಶ. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದ ಆರಂಭದಲ್ಲೇ ಸಂಧಿಗೆ ಜಾಗ ಕೊಟ್ಟ. ನಾವು ಸಂಧಿಯನ್ನು ಬರಹದಲ್ಲಿ ಕಾಣಿಸುತ್ತೇವೆ, ಇಂಗ್ಲಿಷಿನವರು ಬಾಯಲ್ಲಿ ಮಾಡಿ ಬರಹದಲ್ಲಿ ಬಚ್ಚಿಡುತ್ತಾರೆ. ಈ ಒಂದು ಸಂಗತಿಯನ್ನು ಎಂಟನೆಯ ತರಗತಿಯಲ್ಲಿ, ಕನ್ನಡ ಸಂಧಿಪ್ರಕರಣ ಓದಿಸುವ ವಾರದಲ್ಲೇ ಪಕ್ಕದ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಯಾರಾದರೂ ಹೇಳಿದ್ದರೆ ನನಗೆ ಎಷ್ಟೋ ವರ್ಷಗಳು ಉಳಿಯುತ್ತಿದ್ದವು. ಇದು ಇಂಗ್ಲಿಷಿನವರ ಸೋಮಾರಿತನವೆಂದೂ ಯಾರೂ ತಿಳಿಯಬಾರದು. "ಬರುತ್ತಾನೆ", "ಹೋಗಿಬಿಟ್ಟ" ಎಂದು ಪುಸ್ತಕದಿಂದ ಕನ್ನಡ ಕಲಿತು ಬಂದವರು ಕಡೂರು ಬಸ್ ಸ್ಟ್ಯಾಂಡಿನಲ್ಲಿ "ಬರ್ತಾನೆ", "ಹೋಗ್ಬಿಟ್ಟ" ಎಂಬುದನ್ನು ಕೇಳಿ ನನ್ನ ಹಾಗೆಯೇ ತಬ್ಬಿಬ್ಬಾಗುತ್ತಾರೆ.

ಕೇಳುವುದಕ್ಕೆ ಯಾರ ದನಿ ಆರಿಸಿಕೊಳ್ಳಬೇಕು ಎಂದು ನನ್ನನ್ನು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಯೇಟ್ಸನ ಹೆಸರು. ಐರ್ಲೆಂಡಿನ ಸ್ಲೈಗೋ ಪ್ರಾಂತದ ಸರೋವರವೊಂದರ ನಡುವೆ ಇನಿಸ್‌ಫ್ರೀ ಎಂಬ ಪುಟ್ಟ ದ್ವೀಪವಿದೆ. ಯುವಕನಾಗಿದ್ದ ಕವಿ ಊರಿನ ಹಂಬಲದಲ್ಲಿ ಲಂಡನ್ನಿನ ಬೀದಿಯಲ್ಲಿ ನಡೆಯುತ್ತಿದ್ದಾಗ, ಅಂಗಡಿಯೊಂದರ ಗಾಜಿನ ಹಿಂದೆ ಇಟ್ಟಿದ್ದ ಸಣ್ಣ ಕಾರಂಜಿಯ ನೀರಿನ ಸದ್ದು ಕಿವಿಗೆ ಬಿದ್ದು, ಆ ಸರೋವರದ ನೀರು ನೆನಪಾಗಿ ಪದ್ಯ ಹುಟ್ಟಿತು. ಪ್ರಕಟವಾದದ್ದು 1890ರಲ್ಲಿ. ನಲವತ್ತು ವರ್ಷಗಳ ಬಳಿಕ, 1930ರ ದಶಕದಲ್ಲಿ, ಮುಪ್ಪಿನ ದನಿಯಲ್ಲಿ ಆತ ಬಿ.ಬಿ.ಸಿ.ಗಾಗಿ ಅದನ್ನು ಓದಿದ ಧ್ವನಿಮುದ್ರಣ ಉಳಿದಿದೆ. ಇವನ್ನು ಪದ್ಯವಾಗಿಸಲು ಬಹಳ ಕಷ್ಟಪಟ್ಟಿದ್ದೇನೆ, ಆದುದರಿಂದ ಗದ್ಯದಂತೆ ಓದಲಾರೆ ಎಂದು ಮೊದಲೇ ಹೇಳಿ, ಅರ್ಧ ಹಾಡುತ್ತಾ, ಸಾಲಿನ ಕೊನೆಯನ್ನು ಎಳೆಯುತ್ತಾ ಓದುತ್ತಾನೆ. ಮೊದಲ ಸಲ ಕೇಳಿದಾಗ ನಾನು ಬಸ್ಸಿನಲ್ಲಿದ್ದೆ. ತಾತ ತೀರಿಹೋಗಿ ಆಗ ಐದು ವರ್ಷಗಳಾಗಿದ್ದವು. ಅದೇ ಉಸಿರು, ಅದೇ ನಿಧಾನ, ಶಬ್ದದ ಮೇಲೆ ಅದೇ ಗೌರವ. ಪದ್ಯದ ಕೊನೆಯ ಮೂರು ಶಬ್ದಗಳು "ಡೀಪ್ ಹಾರ್ಟ್ಸ್ ಕೋರ್". ಅಲ್ಲಿಯವರೆಗೆ ಹಗುರ ಭಾರ ಹಗುರ ಭಾರ ಎಂದು ತೂಗುತ್ತಾ ಬಂದ ನಡೆ, ಅಲ್ಲಿಗೆ ಬಂದು ಮೂರು ಭಾರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುತ್ತದೆ. ಬೇಗ ಹೇಳಬೇಕೆಂದರೂ ಬಾಯಿ ಬಿಡುವುದಿಲ್ಲ. ಎದೆಯ ತೀರ ಒಳಗಿನ ತಿರುಳು ಎಂಬ ಅರ್ಥಕ್ಕೆ ಬಾಯಿಯೇ ನಿಧಾನವಾಗಿ ಇಳಿಯಬೇಕಾಗುತ್ತದೆ. ಅಚ್ಚಿನಲ್ಲಿ ಆ ಸಾಲನ್ನು ನಾನು ಪಿಯುಸಿಯಲ್ಲೇ ನೋಡಿದ್ದೆ. ನೋಡಿ ಮುಂದೆ ಹೋಗಿದ್ದೆ.

ಕನ್ನಡದಲ್ಲಿ ಈ ಕೆಲಸವನ್ನು ಕಿವಿಯಿಂದಲೇ ಮಾಡಿ ತೋರಿಸಿದವರು ಬಿ.ಎಂ.ಶ್ರೀ. 1926ರಲ್ಲಿ ಬಂದ ಅವರ "ಇಂಗ್ಲಿಷ್ ಗೀತಗಳು" ಎಂದರೆ ನಮಗೆ ಅರ್ಥದ ಅನುವಾದವೆಂದು ಪಾಠ ಹೇಳುತ್ತಾರೆ. ನನಗೆ ಈಗ ಅದು ಕೇಳ್ಮೆಯ ಪುಸ್ತಕವಾಗಿ ಕಾಣುತ್ತದೆ. ವಸಂತ ಬಂದ ಎಂದು ಆರಂಭವಾಗುವ ಗೀತವನ್ನು ನಾವೆಲ್ಲ ಶಾಲೆಯಲ್ಲಿ ಹಾಡಿದವರೇ. ಮೂಲ ಥಾಮಸ್ ನ್ಯಾಶ್ ಎಂಬ 16ನೇ ಶತಮಾನದ ಕವಿಯದು, ಅವನ ನಾಟಕವೊಂದರ ಹಾಡು. ಸಾಲು ಸಾಲನ್ನೂ ಕನ್ನಡದ ನಡೆಗೆ ತಂದ ಶ್ರೀಯವರು ಹಕ್ಕಿಗಳ ಕೂಗನ್ನು ಮಾತ್ರ ಹಾಗೆಯೇ, "ಕೂವೂ, ಜಗ್ ಜಗ್, ಪುವ್ವೀ, ಟೂವಿಟ್ಟವೂ" ಎಂದು ಕನ್ನಡ ಲಿಪಿಯಲ್ಲಿ ಇಳಿಸಿದರು. ಇಂಗ್ಲೆಂಡಿನ ಆ ಹಕ್ಕಿಗಳನ್ನು ನೋಡದೆಯೇ ನಾವು ಮಕ್ಕಳು ಎಷ್ಟು ಖುಷಿಯಿಂದ ಕೂಗುತ್ತಿದ್ದೆವು! ಇಂಗ್ಲಿಷನ್ನು ಇಂಗ್ಲಿಷಿನ ದನಿಯಲ್ಲಿ, ಸರಿಯಾದ ತೂಕದಲ್ಲಿ, ನಾನು ಮೊದಲು ಉಚ್ಚರಿಸಿದ್ದು ಬಹುಶಃ ಆ ಕನ್ನಡ ಪದ್ಯದಲ್ಲೇ ಇರಬೇಕು.

ವರ್ಡ್ಸ್‌ವರ್ತನ ಆ ಪದ್ಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಮೇಷ್ಟ್ರು ಅದನ್ನೇ ಆರಿಸಿದ್ದು ತಾಳಕ್ಕಾಗಿ ಮಾತ್ರವಲ್ಲ ಎಂದು ನನಗೆ ತಡವಾಗಿ ಅರ್ಥವಾಯಿತು. 1807ರಲ್ಲಿ ಅಚ್ಚಾದ ಆ ಪದ್ಯದಲ್ಲಿ ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯ ಹುಡುಗಿಯೊಬ್ಬಳು ಒಂಟಿಯಾಗಿ ಹೊಲ ಕೊಯ್ಯುತ್ತಾ ಹಾಡುತ್ತಿದ್ದಾಳೆ. ಅವಳ ಭಾಷೆ ಗೇಲಿಕ್; ಕವಿಗೆ ಅದು ಬರುವುದಿಲ್ಲ. ಇವಳು ಏನು ಹಾಡುತ್ತಿದ್ದಾಳೆಂದು ಯಾರೂ ನನಗೆ ಹೇಳಲಾರಿರಾ ಎಂದು ಆತ ಕೇಳುತ್ತಾನೆ. ಎಂದೋ ನಡೆದ ಯುದ್ಧದ ಕಥೆಯೋ, ಇಂದಿನ ಸಾಮಾನ್ಯ ದುಃಖವೋ ಎಂದು ಊಹಿಸುತ್ತಾನೆ. ಉತ್ತರ ಸಿಗುವುದಿಲ್ಲ, ಹಾಡು ಮಾತ್ರ ಎದೆಯಲ್ಲಿ ಉಳಿಯುತ್ತದೆ. ಆ ಪದ್ಯದ ಬೀಜ ಗೆಳೆಯನೊಬ್ಬನ ಪ್ರವಾಸಕಥನದ ಹಸ್ತಪ್ರತಿಯಲ್ಲಿದ್ದ ಒಂದು ವಾಕ್ಯ. ಇಂಗ್ಲಿಷಿನ ಅಷ್ಟು ದೊಡ್ಡ ಕವಿ ಆ ಪದ್ಯದಲ್ಲಿ ನಿಂತಿರುವುದು ಭಾಷೆ ಬಾರದ ಕೇಳುಗನ ಜಾಗದಲ್ಲಿ, ಅಂದರೆ ನನ್ನ ಜಾಗದಲ್ಲಿ.

ಇದು ಹೊಳೆದದ್ದು ಕಾಳು ಆರಿಸುವ ಕೊಟ್ಟಡಿಯ ಮುಂದೆ. ನಮ್ಮ ಕ್ಯೂರಿಂಗಿನಲ್ಲಿ ಗಾರ್ಬ್ಲಿಂಗಿಗೆ ಬರುವ ಹೆಂಗಸರಲ್ಲಿ ತಮಿಳು ಮಾತಿನವರು ಕೆಲವರಿದ್ದರು. ಮಧ್ಯಾಹ್ನದ ಹೊತ್ತಿನಲ್ಲಿ ಅವರಲ್ಲಿ ಒಬ್ಬ ಹಿರಿಯಾಕೆ ಕಪ್ಪು ಕಾಳು, ಒಡಕು ಕಾಳುಗಳನ್ನು ಬೆರಳಿನಿಂದ ಸರಿಸುತ್ತಾ ಒಂದು ಹಾಡು ಹೇಳುತ್ತಿದ್ದರು. ಪ್ರತಿ ಸಾಲಿನ ಕೊನೆಗೆ ದನಿ ಇಳಿದು, ಬೆರಳು ಒಂದು ಕ್ಷಣ ನಿಂತು, ಮತ್ತೆ ಹೊರಡುತ್ತಿತ್ತು. ಕಡತ ಹಿಡಿದು ಆ ಬಾಗಿಲ ಮುಂದೆ ನಾನು ಎಷ್ಟು ಸಲ ನಿಂತಿದ್ದೇನೋ ಲೆಕ್ಕವಿಲ್ಲ. ಒಂದು ದಿನ ಅದು ಏನು ಹಾಡಕ್ಕಾ ಎಂದು ಕೇಳಿದೆ. "ತಂಗಿ ಮದುವೆಯಾಗಿ ಹೋಗೋದು ಕಣಮ್ಮ" ಎಂದರು. ನಾನು ಅದನ್ನು ಲಾಲಿಯೆಂದು ಭಾವಿಸಿದ್ದೆ. ಊಹೆ ತಪ್ಪಾಗಿತ್ತು; ಆದರೆ ಅಗಲುವವರನ್ನು ಹತ್ತಿರಕ್ಕೆ ಎಳೆದುಕೊಳ್ಳುವ ದನಿ ಎಂಬಷ್ಟನ್ನು ಕಿವಿ ಸರಿಯಾಗಿಯೇ ಹಿಡಿದಿತ್ತು.

ಈ ತಿಂಗಳು ಬಸ್ಸಿನಲ್ಲಿ ಕೇಳುತ್ತಿರುವುದು ಥಾಮಸ್ ಹಾರ್ಡಿಯ ಪದ್ಯ. 1900ರ ಡಿಸೆಂಬರಿನಲ್ಲಿ, ಶತಮಾನ ಮುಗಿಯುವ ಹೊತ್ತಿಗೆ ಪ್ರಕಟವಾದದ್ದು. ಚಳಿಗಾಲದ ಸಂಜೆ, ಬೋಳು ಗಿಡಗಳ ನಡುವೆ ಮುದಿ ಹಕ್ಕಿಯೊಂದು ಇದ್ದಕ್ಕಿದ್ದಂತೆ ಎದೆ ತುಂಬಿ ಹಾಡುತ್ತದೆ. ನಾಲ್ಕು ತೂಕದ ಒಂದು ಸಾಲು, ಮೂರು ತೂಕದ ಒಂದು ಸಾಲು, ಹೀಗೆ ನಡೆಯುತ್ತದೆ. ಮೊದಲ ಪದ್ಯಭಾಗದ ಐದನೆಯ ಸಾಲಿನಲ್ಲಿ ಒಂದು ಶಬ್ದ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. "ದ ಟ್ಯಾಂಗಲ್ಡ್" ಎಂಬುದು ಸ್ಪಷ್ಟ, "ಸ್ಟೆಮ್ಸ್ ಸ್ಕೋರ್ಡ್ ದ ಸ್ಕೈ" ಎಂಬುದೂ ಸ್ಪಷ್ಟ: ಹೆಣೆದುಕೊಂಡ ಯಾವುದೋ ಕಾಂಡಗಳು ಆಕಾಶದ ಮೇಲೆ ಗೀರು ಎಳೆದಿವೆ. ಆ ಯಾವುದೋ ಎಂಬುದು ಒಂದೇ ಉಚ್ಚಾರದ ಶಬ್ದ, ಅದರ ಮೇಲೆ ಸಾಲಿನ ಎರಡನೆಯ ತೂಕ ಬೀಳುತ್ತದೆ. ಇಷ್ಟನ್ನು ತಾಳವೇ ಹೇಳುತ್ತದೆ. ಒಂದು ವಾರ ಅದನ್ನು ನಾನು "ವೈನ್" ಎಂದೇ ಕೇಳಿಸಿಕೊಂಡೆ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಯನ್ನು ದಿನವೂ ನೋಡುವವಳ ಕಿವಿಗೆ ಬಳ್ಳಿಯೇ ಕೇಳಿಸುವುದು ಸಹಜ. ನಿನ್ನೆ ಸಖರಾಯಪಟ್ಟಣ ದಾಟಿದಮೇಲೆ ತುಟಿಗಳು ಪೂರ್ತಿ ಕೂಡಿ ಬಿಟ್ಟ ಸದ್ದು ಮೊದಲ ಸಲ ಕೇಳಿಸಿತು. ಅದು ವಕಾರವಲ್ಲ, ಬಕಾರ. ಪುಸ್ತಕದಲ್ಲಿ "ವೈನ್" ಎಂಬುದನ್ನು ಹೊಡೆದು "ಬೈನ್" ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದೇನೆ. ಅಂಥ ಶಬ್ದವೊಂದು ಇದೆಯೇ ಎಂದು ನನಗೆ ತಿಳಿಯದು. ಅಚ್ಚಿನ ಪ್ರತಿ ಮೇಜಿನ ಒಳಗಿದೆ, ಶನಿವಾರದವರೆಗೆ ತೆಗೆಯುವುದಿಲ್ಲ.